ತಸ್ಲೀಮಾ ಬರೆದ ನಡುಪದರ

ಸವಣೂರಿನ ತಸ್ಲೀಮಾ ಡಿಪ್ಲೊಮಾ ಓದಿದವಳು. ಹಿರೇಕೆರೂರಿನ ಒಂದು ಬೀಜ ಘಟಕದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತ ಹನ್ನೊಂದು ವರ್ಷವಾಗಿತ್ತು. ಅಲ್ಲಿ ಗೋವಿನಜೋಳದ ಒಡಕು ಕಾಳನ್ನು ಕ್ಯಾಮೆರಾದಲ್ಲಿ ಗುರುತಿಸಿ ಬೇರೆ ಮಾಡುವ ಯಂತ್ರವೊಂದಿದೆ. ಅದನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶವಾದ ಡ್ರೈವರನ್ನು ಹಳೆಯ ಲಿನಕ್ಸ್ ಕರ್ನಲ್ಲಿಗೆಂದು, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆಂದು, ಬರೆದಿದ್ದರು. ಬರೆದ ಕಂಪನಿ ಮುಚ್ಚಿಹೋಗಿತ್ತು. ಹೊಸ ಕಂಪ್ಯೂಟರ್ ಬಂದ ದಿನ ಹೊಸ ಕರ್ನಲ್ಲು ಆ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

"ಯಂತ್ರಾನ ಗುಜರಿಗೆ ಹಾಕೂದು," ಎಂದ ಮ್ಯಾನೇಜರ್ ಸುಭಾಸ. ಕೆಟ್ಟ ಯಂತ್ರವನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡುವುದಷ್ಟೇ ಅವನು ಬಲ್ಲ ವಿದ್ಯೆ.

ತಸ್ಲೀಮಾ ನಾಲ್ಕು ತಿಂಗಳು ಕೂತು ಡ್ರೈವರ್ ಮತ್ತು ಹೊಸ ಕರ್ನಲ್ಲಿನ ನಡುವೆ ಒಂದು ಪದರ ಬರೆದಳು. ಡ್ರೈವರ್ ಹಳೆಯ ಹೆಸರಿನಿಂದ ಕೇಳಿದ್ದನ್ನು ಅದು ಹೊಸ ಕರ್ನಲ್ಲಿಗೆ ತಿಳಿಯುವಂತೆ ತಿರುಗಿಸಿ ಹೇಳುತ್ತಿತ್ತು. ಕರ್ನಲ್ ಬದಲಾದಾಗಲೆಲ್ಲ ಅದಕ್ಕೆ ತಕ್ಕಂತೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುವಂತೆ ಅದನ್ನು ಪ್ಯಾಕೇಜ್ ಮಾಡಿದಳು. ಯಾರಾದರೂ ಬಳಸಲಿ, ಬರೆದವರ ಹೆಸರು ಉಳಿಸಲಿ ಎಂದು ಅದರಲ್ಲೇ ಬರೆದಿಟ್ಟಳು.

ಸುಭಾಸನಿಗೆ ಹೆಸರು ಉಳಿಸುವಷ್ಟೂ ಆಗಲಿಲ್ಲ. ಅವಳ ಹೆಸರಿದ್ದ ಫೈಲುಗಳನ್ನು ಅಳಿಸಿ, ತನ್ನ ಹೆಸರು ಹಾಕಿ, ಇಂಥದೇ ಯಂತ್ರವಿದ್ದ ಹಾನಗಲ್ ಮತ್ತು ಶಿಗ್ಗಾವಿಯ ಘಟಕಗಳಲ್ಲೂ ಕೂಡಿಸಿ ಬಂದ. ಅದಕ್ಕಾಗಿ ಅವನಿಗೊಂದು ಸನ್ಮಾನ ನಡೆಯಿತು. ಶಾಲು ಹೊದ್ದು, "ಕರ್ನಲ್ ಅಂದ್ರ ಕಂಪ್ಯೂಟರಿನ ಗುಂಡಿಗಿ," ಎಂದು ಅರ್ಧ ತಾಸು ಕೊರೆದ.

ಯಂತ್ರ ನಡೆಸುವ ತಿಪ್ಪವ್ವ ತಸ್ಲೀಮಾಳ ಪಕ್ಕದಲ್ಲಿ ಕೂತಿದ್ದಳು. "ಅದು ನಿಂದಲ್ಲೇನ?"

"ನಂದ. ಸುಮ್ನ ಕುಂದ್ರು, ಇನ್ನೂ ಏನೇನ ಹೇಳ್ತಾನ ಕೇಳೂಣು."

ಎರಡು ತಿಂಗಳಿಗೆ ಕರ್ನಲ್ ಮತ್ತೆ ಬದಲಾಯಿತು. ತಸ್ಲೀಮಾಳ ಮೂಲ ಪದರವೇ ಇದ್ದ ಹಿರೇಕೆರೂರಿನ ಯಂತ್ರ ನಡೆಯಿತು. ಹಾನಗಲ್, ಶಿಗ್ಗಾವಿಯವು ನಿಂತವು. ಸುಭಾಸ ಅವಳ ಮೇಜಿಗೆ ಬಂದ.

"ನಿನ್ನ ಲೇಯರ್ ಕೈ ಕೊಟ್ಟೈತಿ ನೋಡು."

"ನಂದೇನ್ರಿ? ಅದರಾಗ ನಿಮ್ಮ ಹೆಸರೈತಲ್ರಿ. ಯಾವ್ಯಾವ ಫೈಲ್ ತಗದ್ರಿ?"

"ಬ್ಯಾಡಾದವು. ಬರೇ ಹೆಸರಿದ್ದವು."

"ಒಳಗ ಏನೈತಿ ಓದಿದ್ರೇನ?"

ಅವನು ಕ್ಯಾಲೆಂಡರ್ ನೋಡುತ್ತ ನಿಂತ. ಪದರವನ್ನು ಮತ್ತೆ ಕಟ್ಟಿಸುವ ಫೈಲಿನ ಮೊದಲ ಸಾಲಿನಲ್ಲೂ ಅವಳ ಹೆಸರಿತ್ತು. ಆ ಫೈಲನ್ನೂ ಅಳಿಸಿದ್ದ.

ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟನ್ನು ಇವತ್ತಾದರೂ ಕಾರಿಬಿಡಬೇಕು ಎಂದುಕೊಂಡಿದ್ದಳು ತಸ್ಲೀಮಾ. ಆದರೆ ಕದಿಯುವ ಮಾಲನ್ನೂ ಬಿಚ್ಚಿ ನೋಡದ ಈ ಮನುಷ್ಯನನ್ನು ಕಂಡು ಅವಳಿಗೆ ಹೇಸಿಕೆ ಬಂತು. "ಸಿಟ್ಟ ಮಾಡಬೇಕಂದ್ರ ಎದುರಿನವಗೂ ಒಂದೀಟ ಯೋಗ್ಯತಾ ಇರಬೇಕು," ಎಂದಳು ಆಮೇಲೆ ತಿಪ್ಪವ್ವನ ಮುಂದೆ.

ಅವನಿಗೆ ಏನೂ ವಿವರಿಸಲಿಲ್ಲ. ಎರಡೂ ಘಟಕದವರಿಗೆ ತಾನೇ ಫೋನ್ ಮಾಡಿ, ಮೂಲ ಪ್ಯಾಕೇಜ್ ಕಳಿಸಿ, ಹೇಗೆ ಹಾಕಬೇಕೆಂದು ಹೇಳಿದಳು. ಮಧ್ಯಾಹ್ನದೊಳಗೆ ಎರಡೂ ಕಡೆ ಯಂತ್ರದಿಂದ ಕಾಳು ಬೀಳತೊಡಗಿತು. ಈಗ ಅಲ್ಲಿಯವರು ಏನಿದ್ದರೂ ನೇರ ಅವಳನ್ನೇ ಕೇಳುತ್ತಾರೆ. ಸುಭಾಸ ಇನ್ನೂ ಮ್ಯಾನೇಜರ್. ಆ ಘಟಕದವರ ಫೋನ್ ಅವಳಿಗೆ ಬಂದಾಗ ಎದ್ದು ಹೊರಗೆ ಹೋಗುತ್ತಾನೆ.