ನಮ್ಮ ನೆಲದಲ್ಲಿ ಬಂದೂಕು ಮಲಗಬಾರದು

ತಾವಿರೈ ಊರಿನ ಲುದ್ವಿನಾ ನಕ್ಕರೆ ಹೊಳೆಯಾಚೆಯ ಹಂದಿಗಳೂ ಕಿವಿ ನಿಮಿರಿಸುತ್ತಿದ್ದವು. ಬೂಗನ್‌ವಿಲ್ ದ್ವೀಪದ ಆ ಬೆಟ್ಟಸಾಲಿನಲ್ಲಿ ಯುದ್ಧ ನಿಂತು ಕೆಲವು ವರ್ಷಗಳಾಗಿದ್ದವು. ಗಂಡಸರಿಗೆ ಮಾತ್ರ ಆ ಸುದ್ದಿಯನ್ನು ಯಾರೂ ಮುಟ್ಟಿಸಿದಂತಿರಲಿಲ್ಲ. ಗೆಣಸಿನ ತೋಟಕ್ಕೆ ಹೊರಟರೂ ಹೆಗಲಿಗೆ ಬಂದೂಕು, ಹೊಳೆಗೆ ಮೀಯಲು ಹೊರಟರೂ ಬಂದೂಕು. ಅವರಿಗೆಲ್ಲ ದಂಡನಾಯಕ ಲುದ್ವಿನಾಳ ಸ್ವಂತ ತಮ್ಮ ದಿದಿಮುಸ್.

ಶಾಂತಿ ಕಾಯಲು ಬಂದಿದ್ದ ಹೊರಗಿನವರು ಊರಿಗೊಂದು ಕಬ್ಬಿಣದ ಪೆಟ್ಟಿಗೆ ಕೊಟ್ಟರು. ಅದಕ್ಕೆ ಎರಡು ಬೀಗ. ಬಂದೂಕುಗಳನ್ನೆಲ್ಲ ಒಳಗಿಟ್ಟು, ಬೀಗದ ಕೈಗಳನ್ನು ಊರಿನ ಇಬ್ಬರು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು ಎಂದರು. ಚರ್ಚಿನ ಅಂಗಳದಲ್ಲಿ ಸಭೆ ಸೇರಿತು. ಒಂದು ತನಗೆ, ಇನ್ನೊಂದು ತನ್ನ ಭಾವಮೈದುನನಿಗೆ ಎಂದು ದಿದಿಮುಸ್ ಘೋಷಿಸಿ, ಹಂಚಿಯೇ ಬಿಟ್ಟ.

ಲುದ್ವಿನಾ ಬಾಯಲ್ಲಿದ್ದ ಅಡಿಕೆಯನ್ನು ಉಗಿದು ಎದ್ದಳು.

"ಅಲ್ಲ ಕಣೋ, ಎರಡು ಬೀಗ ಯಾಕೆ ಹೇಳು? ಒಬ್ಬನಿಗೆ ತಿಕ್ಕಲು ಹಿಡಿದ್ರೆ ಇನ್ನೊಬ್ಬ ತಡೀಲಿ ಅಂತ. ನಿಮ್ಮಿಬ್ಬರಿಗೂ ಅದು ಒಟ್ಟಿಗೇ ಹಿಡಿಯೋದಲ್ವಾ?"

ಹೆಂಗಸರು ಕಿಸಕ್ಕನೆ ನಕ್ಕರು.

"ಬಂದೂಕಿನ ವಿಷಯ ಹೆಂಗಸರಿಗೆ ಏನು ಗೊತ್ತಕ್ಕಾ?"

"ಓಹೋ! ಗೆಣಸಿನ ಬುಟ್ಟಿ ತಳದಲ್ಲಿ ಗುಂಡು ಬಚ್ಚಿಟ್ಟು ಕಾವಲು ದಾಟಿಸ್ತಾ ಇದ್ದದ್ದು ಯಾರು? ಸತ್ತ ನಮ್ಮಪ್ಪ ಎದ್ದು ಬಂದಿದ್ನಾ?" ಆಮೇಲೆ ದನಿ ಗಟ್ಟಿ ಮಾಡಿದಳು. "ನೆಲ ಅಮ್ಮನಿಂದ ಮಗಳಿಗೆ ಬರೋದು. ನೀವೆಲ್ಲ ಮನೆ ಕಟ್ಟಿರೋದು ನಿಮ್ಮ ಹೆಂಡತಿಯರ ನೆಲದ ಮೇಲೆ. ನಾವು ಮಾತಾಡ್ಕೊಂಡಿದ್ದೀವಿ. ನಮ್ಮ ನೆಲದಲ್ಲಿ ಇನ್ನು ಬಂದೂಕು ಮಲಗಬಾರದು. ಅದಿಲ್ಲದೆ ನಿಮಗೆ ನಿದ್ದೆ ಬರೋಲ್ಲ ಅಂದ್ರೆ, ನೀವೂ ಅದೂ ಜೋಡಿಯಾಗಿ ಮರ ಹತ್ತಿ ಮಲಗಿ."

ಭಾವಮೈದುನ ತನ್ನ ಬೀಗದ ಕೈಯನ್ನು ತಾನಾಗಿ ಅವಳ ಅಂಗೈಗೆ ಹಾಕಿದ. ಅವನ ಹೆಂಡತಿ ಎದುರಿಗೇ ಕೂತಿದ್ದಳು.

ಗಂಡಸರು ಗೊಣಗುತ್ತಾ ಒಬ್ಬೊಬ್ಬರಾಗಿ ಬಂದೂಕು ತಂದರು. ದಿದಿಮುಸ್ ತಂದದ್ದು ನೀರಿನ ಕೊಳವೆಯಿಂದ ಮಾಡಿದ ತುಕ್ಕು ಹಿಡಿದ ನಾಡಬಂದೂಕು.

"ಇದರಿಂದ ಯಾರಾದ್ರೂ ಹೆದರಿದ್ರೆ ಅದು ಹೊಡೆಯೋನೇ!" ಎಂದಳು ಲುದ್ವಿನಾ.

"ಒಳ್ಳೇದು ಕೋಳಿಗೂಡಿನ ಕೆಳಗಿದೆ ಅತ್ತಿಗೆ," ಎಂದಳು ದಿದಿಮುಸನ ಹೆಂಡತಿ ಕ್ಲೊಟಿಲ್ಡಾ, ಮುಖ ತಿರುಗಿಸದೆ.

ಪುಕ್ಕ ಮೆತ್ತಿಕೊಂಡ ಬಂದೂಕನ್ನು ಎತ್ತಿಕೊಂಡು ಬರುವಾಗ ದಂಡನಾಯಕನ ಕಿವಿ ಕೆಂಪಾಗಿತ್ತು. ಅದನ್ನು ಪೆಟ್ಟಿಗೆಗೆ ಎಸೆದು ಅಕ್ಕನ ಕಡೆ ತಿರುಗಿದ.

"ಸರಿ. ನಿನ್ನ ಅಟ್ಟದ ಮೇಲಿರೋ ಭಾವನ ಬಂದೂಕು?"

ಯುದ್ಧದ ಕೊನೆಯ ವರ್ಷ ಅವಳ ಗಂಡ ಬ್ಲಾಸಿಯುಸ್ ಕರಾವಳಿಯಲ್ಲಿ ಸತ್ತಿದ್ದ. ಹೆಣ ಸಿಗಲಿಲ್ಲ, ಮನೆಗೆ ಬಂದದ್ದು ಬಂದೂಕು ಮಾತ್ರ. ಅದನ್ನು ಅವಳು ಮದುವೆಯ ಬಟ್ಟೆಯಲ್ಲಿ ಸುತ್ತಿಟ್ಟು, ಕೇಳಿದವರಿಗೆ 'ನೆಲ ಅಗೆಯೋ ಕೋಲು' ಎನ್ನುತ್ತಿದ್ದಳು. ಅಟ್ಟದಲ್ಲಿ ಇಟ್ಟ ಅಗೆಯುವ ಕೋಲಿಗೆ ಪ್ರತಿ ಭಾನುವಾರ ತೆಂಗಿನೆಣ್ಣೆ ಹಚ್ಚುವುದು ಯಾಕೆ ಎಂದು ಊರಿನವರೂ ಕೇಳುವ ಗೋಜಿಗೆ ಹೋಗಿರಲಿಲ್ಲ.

ಲುದ್ವಿನಾ ಮನೆಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹೇಳಬಾರದ್ದು ಹೇಳಿಬಿಟ್ಟೆನೆಂದು ದಿದಿಮುಸ್ ಅವಳನ್ನು ಹುಡುಕಿಕೊಂಡು ಹೊರಟ. ಹೋಗಿ ನೋಡಿದರೆ ಅವಳು ಮಡಿಲಲ್ಲಿ ಅದನ್ನಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

"ಅವನ ವಾಸನೆ ಇದೆ ಕಣೋ ಇದಕ್ಕೆ."

"ತೆಂಗಿನೆಣ್ಣೆ ವಾಸನೆ ಅಕ್ಕಾ."

ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ತಮ್ಮ ಪಕ್ಕದಲ್ಲಿ ಕೂತ. "ಇಟ್ಕೋ ಬಿಡು. ನಾನು ಬಾಯಿ ಬಿಡಲೇ ಇಲ್ಲ ಅಂದ್ಕೋ."

"ಹಾಗಾದ್ರೆ ನಿನ್ನದೂ ವಾಪಸ್ ಕೊಡಬೇಕಾಗುತ್ತೆ, ಅಲ್ವಾ ಕಳ್ಳ?" ಎಂದು ಮೂಗು ಒರೆಸಿಕೊಂಡು ಎದ್ದಳು. ಬಂದೂಕಿಗೆ ಸುತ್ತಿದ್ದ ಮದುವೆಯ ಬಟ್ಟೆಯನ್ನು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡಳು. ಬಂದೂಕನ್ನು ತಾನೇ ಹೊತ್ತು ತಂದು, ಮಗುವನ್ನು ಮಲಗಿಸುವಂತೆ ಎಲ್ಲದರ ಮೇಲೆ ಇಟ್ಟಳು. ಒಂದು ಬೀಗವನ್ನು ಅವಳು ತಿರುಗಿಸಿದಳು, ಇನ್ನೊಂದನ್ನು ದಿದಿಮುಸ್.

ಮಳೆಗಾಲದಲ್ಲಿ ನೆರೆಯ ಮೇಲೂರಿನ ಹಂದಿಯೊಂದು ದಿದಿಮುಸನ ಕೆಸುವಿನ ತೋಟವನ್ನೆಲ್ಲ ಅಗೆದು ಹಾಕಿತು. ಅವನು ಕೆಂಡವಾಗಿ ತನ್ನ ಬೀಗದ ಕೈ ಹಿಡಿದು ಬಂದ. "ನಿನ್ನದು ಕೊಡಕ್ಕಾ! ಇವತ್ತು ಆ ಊರಿನವರಿಗೆ ಬುದ್ಧಿ ಕಲಿಸ್ತೀನಿ!"

"ಕೊಡ್ತೀನಪ್ಪಾ. ಹಸಿದ ಹೊಟ್ಟೇಲಿ ಯಾರು ಯುದ್ಧಕ್ಕೆ ಹೋಗ್ತಾರೆ? ಕೂತ್ಕೋ."

ತೆಂಗಿನ ಹಾಲಿನಲ್ಲಿ ಬೇಯಿಸಿದ ಗೆಣಸು ಬಡಿಸಿದಳು. ಇನ್ನಷ್ಟು ಬಡಿಸಿದಳು. ದಂಡನಾಯಕ ಗೋಡೆಗೊರಗಿ ಗೊರಕೆ ಹೊಡೆದ. ಏಳುವಷ್ಟರಲ್ಲಿ ಅವಳು ಮೇಲೂರಿಗೆ ಹೋಗಿ, ಹಂದಿಯ ಒಡತಿಯ ಹತ್ತಿರ ಜಗಳವಾಡಿ, ಅಡಿಕೆ ಮೆದ್ದು, ಒಂದು ಮರಿಹಂದಿಯನ್ನು ಪರಿಹಾರವೆಂದು ಹೊಡೆದುಕೊಂಡು ಬಂದಿದ್ದಳು.

ಮುಂದೆ ಶಾಂತಿ ಒಪ್ಪಂದದಂತೆ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಗರಗಸದಿಂದ ತುಂಡು ಮಾಡುವ ದಿನ ಬಂತು. ಬ್ಲಾಸಿಯುಸನ ಬಂದೂಕನ್ನು ತಾನೇ ಕೊಯ್ಯುತ್ತೇನೆಂದು ಲುದ್ವಿನಾ ಹಟ ಹಿಡಿದಳು. ಅರ್ಧಕ್ಕೆ ಗರಗಸ ಸಿಕ್ಕಿಕೊಂಡಿತು. ದಿದಿಮುಸ್ ಬಂದು ಗರಗಸದ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಕೊಯ್ದು ಮುಗಿಸಿದರು.

ಅದರ ಮಾರನೆಯ ವಾರವೇ ಮೇಲೂರಿನ ಹೆಂಗಸರಿಂದ ಲುದ್ವಿನಾಳಿಗೆ ಕರೆ ಬಂತು, ನಮ್ಮ ಗಂಡಸರಿಗೂ ಒಂದಿಷ್ಟು ಬೈದು ಹೋಗು ಅಂತ.