ಕುರಿ ಮೂಸದ ಗಿಡ

ಡಿಸೆಂಬರ್ ಬಂತೆಂದರೆ ಜಹೀರಾಬಾದಿನ ಮಲ್ಲಿಕಾರ್ಜುನನ ಅಂಗಡಿಗೆ ಕುರಿ ಸಾಕುವ ಕಾಶಪ್ಪ ಹಾಜರಾಗುತ್ತಾನೆ. ಕೊಳ್ಳಲಿಕ್ಕಲ್ಲ, ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಗಿಡಗಳನ್ನು ಬಯ್ಯಲಿಕ್ಕೆ. ಸಂತೆಯಲ್ಲಿ ಕುರಿ ನೋಡುವವನಂತೆ ಬೆನ್ನು ತಡವಿ, ಟೊಂಗೆ ಎತ್ತಿ, ಮೂಸಿ, "ವಾಸನಿಲ್ಲ ಸೇಠ್, ಇದನ್ನ ಕುರಿ ಸೈತ ಮೂಸಂಗಿಲ್ಲ," ಎಂದು ತೀರ್ಪು ಕೊಡುತ್ತಾನೆ. "ಹತ್ತು ವರ್ಷ ಬಾಳತದ ಕಾಕಾ," ಎಂದರೆ, "ಹುಟ್ಟೇ ಇಲ್ಲ, ಬಾಳೂದು ಎಲ್ಲಿಂದ?" ಎನ್ನುತ್ತಾನೆ. ಆಮೇಲೆ ಹೊಲದ ಬದುವಿನ ಸರ್ವೆ ಮರದ ಟೊಂಗೆ ಕಡಿದು, ಬೈಕಿಗೆ ಕಟ್ಟಿಕೊಂಡು, ಬೇಕಂತಲೇ ಅಂಗಡಿ ಮುಂದಿನಿಂದ ಹಾದುಹೋಗುತ್ತಾನೆ. ಹಬ್ಬಕ್ಕೆ ಮೊದಲೇ ಅದನ್ನು ಅವನ ಕುರಿಗಳು ಮೇಯುತ್ತವೆ. ಅವನು ಮತ್ತೊಂದು ಕಡಿಯುತ್ತಾನೆ. "ಹಣಿಗಿ ಬೀರಪ್ಪ ದೇವರ ಭಂಡಾರ ಹಚ್ಚೋ ಮನುಷ್ಯಾಗ ಈ ಕ್ರಿಸ್‌ಮಸ್ ಉಸಾಬರಿ ಯಾಕ ಕಾಕಾ?" ಎಂದು ಈ ವರ್ಷ ಮಲ್ಲಿಕಾರ್ಜುನ ಕೆಣಕಿದ. ಕಾಶಪ್ಪ ಕೈಯಲ್ಲಿದ್ದ ಪ್ಲಾಸ್ಟಿಕ್ ಗಿಡವನ್ನು ಕೆಳಗಿಟ್ಟ. "ಸೊಸಿ ಚರ್ಚಿನ ಮಂದಿ. ನಮ್ಮನಿಗಿ ಬಂದಾಳಂತ ತವರಿನವ್ರು ಬಾಗಲಾ ಮುಚ್ಯಾರ. ಹಸಿ ಸರ್ವೆ ವಾಸನಿ ಬಂದ್ರ ತವರು ಬಂದಂಗ ಆಗತದಂತ ಆಕಿಗಿ." ಮಲ್ಲಿಕಾರ್ಜುನ ಒಂದು ಮಾರು ಹಗ್ಗ ಕತ್ತರಿಸಿ ಕೊಟ್ಟ: "ಜಂತಿಗಿ ಕಟ್ಟು, ಕುರಿಗಿ ಎಟುಕಬಾರದು." ಕಾಶಪ್ಪ ಹಗ್ಗವನ್ನೂ ಮೂಸಿದ. "ಇದೂ ಪ್ಲಾಸ್ಟಿಕ್ಕೇ," ಎಂದು ಗೊಣಗಿ, ಮಡಚಿ ಜೇಬಿಗಿಟ್ಟುಕೊಂಡ.