ದೊರೆಯ ಹುಡುಗಿ ಕೂಗಿದ್ದು

ಅವಳ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆ ಬೀಜದ ಹಾಗೆ ಮಿರುಗುವ ಕಂದು ಚರ್ಮವಿತ್ತು. ಗುಡೇಕೋಟೆ ಸೀಮೆಯ ನಮ್ಮೂರಿನ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಅವಳು ಒಳಗೆ ಬಂದಿದ್ದಾಳೆ ಎಂಬುದು ನನಗೆ ಗೊತ್ತಾಗುತ್ತಿದ್ದುದು ಆ ಹೆಬ್ಬೆರಳಿನಿಂದಲೇ. ತಲೆ ತಗ್ಗಿಸಿ ಏನೋ ಬರೆಯುತ್ತ ಕೂತಿರುತ್ತಿದ್ದೆ. ಯಾಕೋ ಮೇಜಿನ ಕೆಳಗೆ ಕಣ್ಣು ಹೋದರೆ ಎದುರಿನ ಬೆಂಚಿನಡಿ ಆ ಕಾಲು ಇರುತ್ತಿತ್ತು. ನಮ್ಮ ಗ್ರಂಥಾಲಯದ ಬಾಗಿಲು ಯಾರು ಮುಟ್ಟಿದರೂ ಕಿರ್ರೆನ್ನುವಂಥದ್ದು. ಅವಳೊಬ್ಬಳು ಮಾತ್ರ ಹಿಡಿಕೆಯನ್ನು ಚೂರೇ ಚೂರು ಮೇಲಕ್ಕೆತ್ತಿ, ಆಮೇಲೆ ತಳ್ಳುತ್ತಿದ್ದಳು. ಆಗ ಬಾಗಿಲು ಸುಮ್ಮನಿರುತ್ತಿತ್ತು.

ಚಪ್ಪಲಿ ಹೊರಗೆ ಬಿಡುತ್ತಿದ್ದಳು. ಬಳೆ ತೊಡುತ್ತಿರಲಿಲ್ಲ. ಕಪ್ಪು ಚೂಡಿದಾರ, ಕಪ್ಪು ವೇಲು. ಕ್ವಾರಿಯ ಧೂಳಿಗೆಂದು ನಮ್ಮ ಕಡೆ ಸ್ಕೂಟರ್ ಓಡಿಸುವ ಹುಡುಗಿಯರೆಲ್ಲ ಮುಖಕ್ಕೆ ವೇಲು ಸುತ್ತುತ್ತಾರೆ, ಊರು ಬಂದೊಡನೆ ಬಿಚ್ಚುತ್ತಾರೆ. ಇವಳು ಬಿಚ್ಚುತ್ತಿರಲಿಲ್ಲ. ಫೋನಿನಲ್ಲಿ ಕಾರ್ಟೂನು ನೋಡಿ ಬೆಳೆದ ಶಾಲೆಯ ಮಕ್ಕಳು ಅವಳಿಗೆ ‘ನಿಂಜಾ’ ಎಂದು ಹೆಸರಿಟ್ಟಿದ್ದರು. ಹಿರಿಯರು ‘ದೊರಿ ಹುಡುಗಿ’ ಎನ್ನುತ್ತಿದ್ದರು. ಎರಡನ್ನೂ ಅವಳ ಬೆನ್ನ ಹಿಂದೆಯೇ ಅನ್ನುತ್ತಿದ್ದರು.

ದೊರೆಯ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಪಾಳೇಗಾರರ ಕಾಲ ಮುಗಿದು ಎಷ್ಟು ತಲೆಮಾರಾಯಿತೋ! ಆದರೆ ನಮ್ಮೂರಲ್ಲಿ ಒಬ್ಬರಿಗೆ ಅದು ಮುಗಿದಿರಲಿಲ್ಲ. ತಾನು ಪಾಳೇಗಾರರ ಕುಡಿ ಎನ್ನುತ್ತಿದ್ದ ಆತನಿಗೆ ಕಲ್ಲಿನ ಕ್ವಾರಿ, ಟಿಪ್ಪರುಗಳು, ಒಂದು ಜೀಪು ಇದ್ದವು. ವಿಜಯದಶಮಿಯ ದಿನ ಹಳೆಯ ಕತ್ತಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಕೂರುತ್ತಿದ್ದ. ಊರವರು ಸಾಲಾಗಿ ಹೋಗಿ ಬನ್ನಿ ಕೊಟ್ಟು ಕಾಲು ಮುಟ್ಟಬೇಕು. ಅವನ ಕುರ್ಚಿಯ ಹಿಂದೆ, ಎಡಕ್ಕೆ, ಅವಳು ನಿಂತಿರುತ್ತಿದ್ದಳು. ಅವನಿಗೆ ಕೊಡುವ ನೀರನ್ನು ಮೊದಲು ತನ್ನ ಅಂಗೈಗೆ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಹೀಗೆ ಮಾಡು ಎಂದು ಯಾರೂ ಹೇಳಿದ್ದಲ್ಲವಂತೆ, ತಾನಾಗಿ ಶುರು ಮಾಡಿದ್ದಂತೆ.

ಅವಳ ಕೆಲಸ ಕೇಳಿಸಿಕೊಳ್ಳುವುದು. ಗ್ರಂಥಾಲಯಕ್ಕೆ ಪೇಪರು ಓದಲು ಬಂದವರು ಮಾತಾಡುವುದು ಸಹಜ. ಒಂದು ಬೆಳಿಗ್ಗೆ ಟ್ರ್ಯಾಕ್ಟರ್ ಡ್ರೈವರೊಬ್ಬ ನಗುತ್ತ, “ದೊರಿ ಕತ್ತಿ ಒರಿ ಅಷ್ಟೇ ಹೊಸಾದು ಕಣ್ರಲೇ, ಒಳಗಿಂದು ನಿಂಬೆಹಣ್ಣೂ ಕೊಯ್ಯಂಗಿಲ್ಲ” ಎಂದ. ನಾವೆಲ್ಲ ನಕ್ಕೆವು. ನಕ್ಕು ಮುಗಿದ ಮೇಲೆ ಬೆಂಚಿನಡಿ ಆ ಕಾಲು ಕಂಡಿತು.

ಸಂಜೆ ಡ್ರೈವರನಿಗೆ ಅಂಗಳಕ್ಕೆ ಕರೆ ಬಂತು. ಒಂದು ಚೀಲ ನಿಂಬೆಹಣ್ಣು ತರಿಸಿಟ್ಟಿದ್ದರು. ಕತ್ತಿಯನ್ನು ಅವನ ಕೈಗೆ ಕೊಟ್ಟು, “ಕೊಯ್ಯಪ್ಪ, ನೋಡಾಣ” ಅಂದನಂತೆ ದೊರೆ. ಕತ್ತಿಗೆ ಹಿಡಿ ಸಡಿಲ, ಅಲಗು ಉದ್ದ. ಹಣ್ಣಿಗಿಂತ ಬೆರಳುಗಳೇ ಹೆಚ್ಚು ಕೊಯ್ದುಹೋದವು. ಕೊಯ್ದ ಬೆರಳ ಮೇಲೆಲ್ಲ ನಿಂಬೆ ರಸ. ಚೀಲ ಖಾಲಿಯಾಗುವವರೆಗೆ ಅವನನ್ನು ಬಿಡಲಿಲ್ಲ. ಒಂದೊಂದೇ ಹಣ್ಣು ಎತ್ತಿಕೊಟ್ಟವಳು ಅವಳು. ಮರುದಿನ ಏನೂ ಆಗದವಳ ಹಾಗೆ ಬಂದು ಬೆಂಚಿನ ಮೇಲೆ ಕೂತಳು.

“ಪಾಪ ಅನ್ನಿಸಲಿಲ್ವಾ?” ಎಂದು ಕೇಳಿದೆ.

“ಯಾರಿಗ್ರಿ?” ಎಂದಳು. ನಿಜವಾಗಿಯೂ ಗೊತ್ತಾಗದೆ ಕೇಳಿದ ಹಾಗಿತ್ತು.

ಅಂದಿನಿಂದ ಗ್ರಂಥಾಲಯದಲ್ಲಿ ಪುಟ ತಿರುಗಿಸುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವಳು ಅದನ್ನೂ ಮಾಡುತ್ತಿರಲಿಲ್ಲ. ಬೆರಳನ್ನು ಪುಟದ ಅಡಿಗೆ ತೂರಿಸಿ ಎತ್ತಿಡುತ್ತಿದ್ದಳು. ಅವಳು ಮತ್ತೆ ಮತ್ತೆ ತೆಗೆಯುತ್ತಿದ್ದುದು ಹಳೇ ಜಪಾನಿನ ಯೋಧರು, ದೊರೆಗಾಗಿ ಗುಟ್ಟು ಕದಿಯುತ್ತಿದ್ದ ನಿಂಜಾಗಳ ಬಗ್ಗೆ ಮಕ್ಕಳಿಗಾಗಿ ಮಾಡಿದ್ದ ಒಂದು ಚಿತ್ರಪುಸ್ತಕ. ಅದರಲ್ಲಿ ಕಪ್ಪು ಬಟ್ಟೆಯ ಹುಡುಗಿಯೊಬ್ಬಳು ದೊರೆಯ ಹಿಂದೆ ಮಂಡಿಯೂರಿ ಕೂತ ಚಿತ್ರವಿತ್ತು. ಒಂದು ದಿನ ಅದರ ಮೇಲೆ ಬೆರಳಿಟ್ಟು ಕೇಳಿದಳು:

“ಸಾರ್, ಈಕಿನ್ನ ಕೊನಿಗೆ ಆ ದೊರಿ ಏನ್ ಮಾಡ್ದ?”

“ಪುಸ್ತಕದಲ್ಲಿ ಅದಿಲ್ಲ.”

“ಅದ ಇಲ್ಲಂದ್ರ ಯಾಕ ಬರ್ದಾರ?” ಎಂದು ಪುಸ್ತಕ ಮುಚ್ಚಿಟ್ಟಳು.

ಅವಳು ನನ್ನೊಡನೆ ಸ್ವಲ್ಪ ಉದ್ದ ಮಾತಾಡಿದ್ದು ಆವತ್ತೊಂದೇ ದಿನ. ಸದ್ದಿಲ್ಲದೆ ನಡೆಯುವುದನ್ನು ಎಲ್ಲಿ ಕಲಿತೆ ಎಂದು ಕೇಳಿದ್ದೆ.

“ಕಲಿಯಾದೇನ್ರಿ, ಕುರಿ ಕಾಯ್ದಾಕಿ ನಾನು. ಗುಡ್ಡದಾಗ ಸಪ್ಪಳ ಮಾಡ್ಕೋಂತ ಹೋಗ್ಬೇಕು. ಊರಾಗ ಮಾಡಬಾರ್ದು. ನಾ ಬರೋದು ಕರಡಿಗೆ ಮೊದ್ಲ ಗೊತ್ತಾಗ್ಬೇಕು, ಮನ್ಷಾರಿಗೆ ಗೊತ್ತಾಗಬಾರ್ದು. ಅಷ್ಟ.”

ನಮ್ಮ ಗುಡ್ಡಗಳಲ್ಲಿ ಕರಡಿ ಹೆಚ್ಚು. ಅದು ಮನುಷ್ಯರನ್ನು ಹುಡುಕಿಕೊಂಡು ಬರುವ ಪ್ರಾಣಿಯಲ್ಲ. ಆದರೆ ಅರಿವಿಲ್ಲದೆ ಎದುರಾದರೆ ಬೆಚ್ಚಿ ಮೇಲೆ ಬೀಳುತ್ತದೆ. ಹಾಗಾಗಿ ಕುರಿ ಕಾಯುವವರು ಪ್ರತಿ ತಿರುವಿನಲ್ಲೂ ಕಲ್ಲಿಗೆ ಕೋಲು ಬಡಿದು ‘ಹೂ...ಯ್’ ಎಂದು ಕೂಗುತ್ತಾರೆ. ಕೂಗು ಕೇಳಿದರೆ ಕರಡಿ ದಾರಿ ಬಿಡುತ್ತದೆ. ಅವಳ ಅಪ್ಪನೂ ಕುರಿ ಕಾಯುತ್ತಿದ್ದ. ಒಮ್ಮೆ ನೆಗಡಿಯಾಗಿ ಗಂಟಲು ಕಟ್ಟಿತ್ತಂತೆ, ಕೂಗಲಾಗಲಿಲ್ಲ. ಗಾಯಗೊಂಡವನನ್ನು ಊರ ಕಟ್ಟೆಯ ಹತ್ತಿರ ತಂದು ಮಲಗಿಸಿದ್ದರು.

“ಎಲ್ಲಾರು ನೋಡ್ಕೋಂತ ನಿಂತಿದ್ರಿ” ಎಂದಳು. ನಾನು ಆಗ ಊರಲ್ಲಿರಲಿಲ್ಲ, ಕೆಲಸಕ್ಕೆಂದು ತೆಲಿಗಿ ಎಂಬ ಊರಿನ ಕಡೆ ಇದ್ದೆ. ಹೇಳಲು ಬಾಯಿ ತೆರೆದೆ, ಅವಳು ಬಿಡಲಿಲ್ಲ. “ಜೀಪ್ ಕಳ್ಸಿದ್ದು ದೊರಿ ಒಬ್ರ. ಅಪ್ಪ ದಾರ್ಯಾಗ ಸತ್ತ. ಸತ್ತ್ರೂ ಜೀಪ್ನಾಗ ಸತ್ತ, ನಿಮ್ಮ ಕಟ್ಟಿ ಮಣ್ಣಾಗ ಸಾಯ್ಲಿಲ್ಲ.”

ಇಷ್ಟು ಹೇಳಿ ಎದ್ದಳು. ಬಾಗಿಲ ಬಳಿ ನಿಂತು, “ಗುಡ್ಡದ ವಿಷ್ಯದಾಗ ನೀವು ಬರಬ್ಯಾಡ್ರಿ ಸಾರ್. ಕುರ್ಚಿ ಮ್ಯಾಲೆ ಕುಂತು ಉಣ್ಣೋ ಮನ್ಷಾರು ನೀವು, ಹಂಗ ಇರ್ರಿ” ಎಂದಳು. ‘ರಿ’ ಹಚ್ಚಿ ಅಷ್ಟು ಮರ್ಯಾದೆಯಿಂದ ನನ್ನನ್ನು ಹೆದರಿಸಿದವರು ಬೇರೆ ಇಲ್ಲ.

ಗುಡ್ಡದ ವಿಷಯ ಇಷ್ಟೇ. ಊರ ಹಿಂದಿನ ಗುಡ್ಡದಲ್ಲಿ ದೊರೆ ಕಲ್ಲು ಒಡೆಯುವ ಕ್ರಷರ್ ಹಾಕಲು ಹೊರಟಿದ್ದ. ಹಾಕಿದರೆ ಕುರಿ ಮೇಯಲು ಬೇರೆ ಜಾಗವಿಲ್ಲ. ಗ್ರಾಮಸಭೆಯಲ್ಲಿ ಬೇಡವೆಂದು ಎದ್ದು ನಿಲ್ಲಲು ಕೆಲವರು ತಯಾರಿದ್ದರು. ಯಾರೆಂಬುದು ಮೊದಲೇ ತಿಳಿದರೆ ದೊರೆ ಒಬ್ಬೊಬ್ಬರನ್ನೇ ಅಂಗಳಕ್ಕೆ ಕರೆಸುತ್ತಿದ್ದ, ಸಭೆಯ ದಿನ ಏಳಲು ಯಾರೂ ಉಳಿಯುತ್ತಿರಲಿಲ್ಲ. ಅವನಿಗೆ ಆ ಹೆಸರುಗಳು ಬೇಕಾಗಿದ್ದವು. ತರಬೇಕಾದವಳು ಅವಳು.

ಊರೊಳಗೆ ಎಲ್ಲಿ ಕೂತರೂ ಅವಳ ಕಿವಿ ತಪ್ಪದು ಎಂದು ನಾವು ಗುಡ್ಡದ ಮೇಲೆ, ದೊಣೆಯ ಹತ್ತಿರ ಸೇರುವುದೆಂದಾಯಿತು. ದೊಣೆ ಎಂದರೆ ಬಂಡೆಯ ಹೊಟ್ಟೆಯಲ್ಲಿ ಮಳೆನೀರು ನಿಲ್ಲುವ ಗುಂಡಿ. ಕುರಿ ಕಾಯುವ ಮುದುಕ, ಬೆರಳ ಗಾಯ ಮಾಯ್ದಿದ್ದ ಡ್ರೈವರು, ಕುರಿ ಸಾಕಿದ್ದ ಅಕ್ಕತಂಗಿಯರಿಬ್ಬರು, ನಾನು. ಬಿಸಿಲು ಇಳಿಯುವ ಹೊತ್ತಿಗೆ ಹತ್ತಿದೆವು. ಆಗ ನಾವು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: ನಾವು ಕೂಗಲಿಲ್ಲ. ಹುಟ್ಟಿದಾಗಿನಿಂದ ಆ ಗುಡ್ಡದಲ್ಲಿ ಕೂಗಿಕೊಂಡೇ ಓಡಾಡಿದ ಮುದುಕ ಆವತ್ತು ಕೋಲನ್ನು ನಡುವೆ ಹಿಡಿದಿದ್ದ, ತುದಿ ಕಲ್ಲಿಗೆ ತಾಗದಿರಲೆಂದು. “ಆ ಹುಡುಗಿ ಕಿವಿ ಎಲ್ಲೈತೋ ಏನೋ” ಎಂದು ಪಿಸುಗುಟ್ಟಿದ. ಅವಳಿಗೆ ಹೆದರಿ ನಾವು ಕರಡಿಯನ್ನು ಮರೆತಿದ್ದೆವು.

ದೊಣೆಯ ಪಕ್ಕ ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದೆವು. ಎಡಗಡೆಯ ಎತ್ತರದ ಬಂಡೆಯ ಮೇಲಿಂದ ಒಮ್ಮೆಲೇ ಹೆಂಗಸಿನ ದನಿ ಬಂತು: “ಹೂ...ಯ್! ಹೂ...ಯ್!” ಜೊತೆಗೆ ಕಲ್ಲಿಗೆ ಕಲ್ಲು ಬಡಿಯುವ ಸದ್ದು.

ತಲೆಯೆತ್ತಿದೆ. ಅವಳು ನಿಂತಿದ್ದಳು. ವೇಲು ಬಾಯಿಂದ ಕೆಳಗೆ ಜಾರಿತ್ತು. ಅವಳ ಪೂರ್ತಿ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಅವಳು ನಮ್ಮನ್ನು ನೋಡುತ್ತಿರಲಿಲ್ಲ, ನಮ್ಮ ಹಿಂದೆ ನೋಡುತ್ತಿದ್ದಳು. ನಾನು ತಿರುಗಿದೆ. ಒಂದು ಅಂಗಳದಷ್ಟು ದೂರದಲ್ಲಿ ಕರಡಿ ಇತ್ತು, ಬೆನ್ನ ಮೇಲೆ ಮರಿ. ಅದು ನೀರಿಗೆ ಬಂದಿತ್ತು. ನಾವು ದಾರಿಯಲ್ಲಿ ಕೂತಿದ್ದೆವು. ಅದು ಹಿಂಗಾಲ ಮೇಲೆ ಎದ್ದು ಕೂಗು ಬಂದ ಕಡೆ ಮೂತಿ ತಿರುಗಿಸಿತು. ಮತ್ತೆ ನಾಲ್ಕು ಕಾಲಿಗೆ ಬಂದು ನಮ್ಮನ್ನು ಬಿಟ್ಟು ಬಂಡೆ ಹತ್ತಿತು. ಅವಳ ಹಿಂದೆ ಕಡಿದಾದ ಇಳಿಜಾರು, ಓಡಲು ಜಾಗವಿರಲಿಲ್ಲ. ಅವಳು ಕಲ್ಲು ಬಡಿಯುವುದನ್ನು ನಿಲ್ಲಿಸಲಿಲ್ಲ.

ಮುಂದಿನದನ್ನು ನಾನು ಬರೆಯುವುದಿಲ್ಲ. ಮುದುಕ, ಡ್ರೈವರು, ನಾವೆಲ್ಲ ಅರಚುತ್ತ ಕಲ್ಲು ತೂರಿದ ಮೇಲೆ ಕರಡಿ ಆಚೆ ಇಳಿದು ಹೋಯಿತು.

ಮುದುಕನ ಕಂಬಳಿಯಲ್ಲಿ ಅವಳನ್ನು ಹೊತ್ತು ಇಳಿಸಿದೆವು. ದೊರೆಯ ಮನೆಗೆ ಫೋನು ಮಾಡಿದವನು ನಾನು. ದೊರೆಯ ಅಳಿಯ ಎತ್ತಿದ. ದೊಣೆಯ ಹತ್ತಿರ ಅವಳ ಮೇಲೆ ಕರಡಿ ಬಿದ್ದಿದೆ, ಜೀಪು ಬೇಗ ಕಳಿಸಿ ಎಂದೆ.

“ಆಕಿ ಅಲ್ಲಿದ್ದದ್ದು ನಿಮಗ ಹೆಂಗ ಗೊತ್ತಾತು?”

“ಕೂಗಿದಳು.”

“ಕೂಗಿದ್ಲಾ?”

ಅಷ್ಟಕ್ಕೇ ಫೋನು ಕಟ್ಟಾಯಿತು. ಜೀಪು ಬರಲಿಲ್ಲ. ಡ್ರೈವರು ಯಾರದೋ ಲಗೇಜ್ ಆಟೋ ತಂದ. ಕೂಡ್ಲಿಗಿಗೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಬಳ್ಳಾರಿಗೆ. ಅವಳು ಎತ್ತಿಕೊಟ್ಟ ನಿಂಬೆಹಣ್ಣನ್ನೆಲ್ಲ ಕೊಯ್ದಿದ್ದ ಕೈಯಿಂದಲೇ ಡ್ರೈವರು ದಾರಿಯುದ್ದಕ್ಕೂ ಅವಳ ತಲೆಯ ಗಾಯವನ್ನು ಒತ್ತಿ ಹಿಡಿದಿದ್ದ. “ಉಸಿರಾಡ್ಲೇ ಹುಡುಗಿ, ಉಸಿರಾಡು. ನಿನ್ನ ಬಯ್ಯೋದು ಬಾಳೈತಿ, ಸಾಯಬ್ಯಾಡ” ಎನ್ನುತ್ತಿದ್ದ.

ಆಸ್ಪತ್ರೆಯಲ್ಲಿ ಅವಳವ್ವನ ಜೊತೆ ನಾನಿದ್ದೆ. ಅವಳಿಗೆ ಮಾತು ಬಂದ ದಿನ ದೊರೆಯ ಅಳಿಯ ಬಂದ. ಹೇಗಿದ್ದೀ ಎಂದು ಕೇಳಲಿಲ್ಲ.

“ಯಾಕ ಕೂಗ್ದಿ?”

ಬ್ಯಾಂಡೇಜಿನ ಹೊರಗೆ ಒಂದೇ ಕಣ್ಣು ಕಾಣುತ್ತಿತ್ತು. “ಕರಡಿ ಬಿದ್ದ ಮ್ಯಾಲೆ ಕೂಗೀನಿ ಅಣ್ಣಾರ. ಮೊದ್ಲು ಕೂಗಿಲ್ಲ. ದೊರಿಗೆ ಹಂಗ ಹೇಳ್ರಿ.”

“ಯಾರ್ಯಾರಿದ್ರು ಅಲ್ಲಿ?”

ಅವಳು ಒಂದೊಂದೇ ಹೆಸರು ಹೇಳಿದಳು. ಮುದುಕನದು, ಡ್ರೈವರನದು, ಅಕ್ಕತಂಗಿಯರದು. ಕೊನೆಗೆ ನನ್ನದು. ನಾನು ಅವಳ ಕಾಲ ಬಳಿಯೇ ನಿಂತಿದ್ದೆ. ನನ್ನನ್ನು ನೋಡುತ್ತಲೇ ಹೇಳಿದಳು.

ಅವನು ಹೋದ ಮೇಲೆ ಕೇಳಿದೆ: “ಕೂಗಿದ್ದು ಮೊದಲು. ಯಾಕೆ ಸುಳ್ಳು ಹೇಳಿದೆ?”

“ನಿಮ್ಮ ಸಲುವಾಗಿ ಕೂಗಿಲ್ಲ ನಾನು. ಕುರಿ ಕಾಯ್ದ ಬಾಯಿ, ಕರಡಿ ಕಂಡ್ತು, ಕೂಗ್ತು. ಅದನ್ನ ಊರ ಮುಂದ ಹೇಳಿ ದೊರಿಗೆ ನನ್ನ ಕೆಟ್ಟಾಕಿ ಮಾಡಿದ್ರ ನಿಮ್ಮ ಬಾಯಾಗ ಮಣ್ಣ ಬೀಳ್ಲಿ.” ಉಸಿರು ತಗೊಂಡು ಮತ್ತೆ ಕೇಳಿದಳು, “ದೊರಿ ಹೊರಗ ಅದಾರೇನು? ಜೀಪಿನ ಸಪ್ಪಳ ಕೇಳ್ತು.”

ಕಿಟಕಿಯಿಂದ ನೋಡಿದೆ. ಯಾವುದೋ ಬೇರೆ ಗಾಡಿ. ಇಲ್ಲ ಎಂದೆ. ಅವಳು ನಂಬಲಿಲ್ಲ. ನನ್ನ ಮಾತನ್ನು ಅವಳು ಯಾವತ್ತೂ ನಂಬಿದವಳಲ್ಲ.

ಗಾಯ ಕೀವಾಗಿ, ಜ್ವರ ಏರಿ ತೀರಿಕೊಂಡಳು. ಮಣ್ಣಿಗೆ ದೊರೆ ಬರಲಿಲ್ಲ. ಮುದುಕನ ಕುರಿ ಹಟ್ಟಿಯ ಮುಳ್ಳಿನ ಬೇಲಿ ಸುಟ್ಟುಹೋಯಿತು. ಡ್ರೈವರನಿಗೆ ಟ್ರ್ಯಾಕ್ಟರ್ ಕೊಡುವವರು ಇಲ್ಲವಾದರು. ಗ್ರಂಥಾಲಯದ ಬೀಗದ ಕೈ ಬೇರೆಯವರ ಪಾಲಾಯಿತು. ಎಲ್ಲವೂ ಅವಳು ಹೆಸರು ಹೇಳಿದ್ದರಿಂದ ಆದದ್ದು. ನಾನು ಇವತ್ತು ಇದನ್ನು ಬರೆಯಲು ಜೀವಂತ ಇರುವುದು ಅವಳು ಕೂಗಿದ್ದರಿಂದ. ಒಂದರಿಂದ ಇನ್ನೊಂದನ್ನು ಕಳೆಯಲು ನನಗೆ ಬರುವುದಿಲ್ಲ. ನನ್ನ ಮೇಲಿರುವ ಋಣ ನನ್ನನ್ನು ಹಗೆಯಂತೆ ಕಂಡವಳದು.

ಅರಣ್ಯ ಇಲಾಖೆಯ ಗಾರ್ಡು ಸ್ಥಳ ನೋಡಲು ಬಂದಾಗ ನಮ್ಮನ್ನೆಲ್ಲ ದೊಣೆಯ ಬಳಿ ಕರೆದೊಯ್ದ. ದೊರೆಯ ಅಳಿಯನೂ ಬಂದಿದ್ದ. ಅವನೇ ಮೊದಲು ಹೇಳಿದ: “ಕದ್ದು ಕೂತಿದ್ಲು, ಕರಡಿ ಬಿತ್ತು, ಹೆದ್ರಿ ಕೂಗಿದ್ಲು. ಆಕಿನ ಬಾಯ್ಲೆ ನಾನ ಕೇಳೀನಿ.” ಮಿಕ್ಕವರು ನೆಲ ನೋಡಿದರು.

“ಕೂಗು ಮೊದಲು. ಕರಡಿ ಆಮೇಲೆ” ಎಂದೆ. ಅವಳ ಶಾಪ ನೆನಪಿತ್ತು.

“ಸತ್ತಾಕಿ ಮಾತಿಗಿಂತ ನಿಂದು ದೊಡ್ಡದೇನಲೇ?”

“ಅಲ್ಲ. ಆದರೆ ಅವಳು ಸುಳ್ಳು ಹೇಳಿದ್ದಳು. ಕೂಗಿದ್ದು ಮೊದಲು.”

ಗಾರ್ಡು ಬಂಡೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಬರೆದುಕೊಂಡ. ಬಿಸಿಲು ಇಳಿಯುತ್ತಿತ್ತು. “ಇನ್ನ ನಡೀರಿ, ಕರಡಿ ನೀರಿಗೆ ಬರೋ ಹೊತ್ತಾತು. ಇಳಿಯಾತನ ಸುಮ್ಕಿರಬ್ಯಾಡ್ರಿ, ಕೂಗ್ರಿ ಎಲ್ಲಾರು” ಎಂದ ಮುದುಕ. ಕೋಲಿನ ತುದಿಯನ್ನು ಬಂಡೆಗೆ ಬಡಿದು ತಾನೇ ಮೊದಲು ಕೂಗಿದ. ನಾವೂ ಕೂಗಿದೆವು. ಗುಡ್ಡದ ಬುಡ ಮುಟ್ಟುವವರೆಗೆ, ನಮ್ಮೆಲ್ಲರಿಗಿಂತ ಜೋರಾಗಿ ಕೂಗಿದವನು ದೊರೆಯ ಅಳಿಯ.